ಒಣಮೀನು ಕೆಡದಂತೆ ಕಾಪಾಡುವುದು ಹೇಗೆ?

ನಮ್ಮ ರಾಯಕೋಟೆಗೆ ಸಮುದ್ರ ಹತ್ತಿರವಿಲ್ಲ. ಭೂಪಟದ ಮೇಲೆ ಅಳತೆಗೋಲಿಟ್ಟು ಪುದುಚೇರಿಯ ಕಡೆಗೆ ನೇರ ಗೆರೆ ಎಳೆದರೂ ಕಡಲತೀರ ಸುಮಾರು 200 ಕಿಲೋಮೀಟರು ದೂರ. ರಸ್ತೆಯಲ್ಲಿ ಹೋದರೆ ಇನ್ನೂ ಹೆಚ್ಚು. ಪಶ್ಚಿಮದ ಮಂಗಳೂರಂತೂ ಬಹು ದೂರದ ಮಾತು. ಆದರೂ ಕಡಲಿನ ಒಂದು ಪದಾರ್ಥ ನಮ್ಮ ಸೀಮೆಯ ಸಂತೆಗಳಿಗೆ ತಪ್ಪದೆ ಬಂದು ಸೇರುತ್ತದೆ. ಗೋಣಿತಾಟಿನ ಮೇಲೆ ಗುಡ್ಡೆ ಹಾಕಿ ಮಾರುವ ಆ ಪದಾರ್ಥವನ್ನು ಕನ್ನಡದ ಮನೆಗಳಲ್ಲಿ ಕರಿಮೀನು ಎನ್ನುತ್ತೇವೆ, ತಮಿಳಿನವರು ಕರುವಾಡು ಎನ್ನುತ್ತಾರೆ, ತೆಲುಗಿನವರು ಎಂಡು ಚೇಪ ಎನ್ನುತ್ತಾರೆ. (ಕೇರಳದವರು ಕರಿಮೀನು ಎಂದು ಕರೆಯುವುದು ಹಿನ್ನೀರಿನ ಹಸಿ ಮೀನೊಂದನ್ನು; ಅದೇ ಬೇರೆ, ಇದೇ ಬೇರೆ.) ಮೂರು ಭಾಷೆಯ ನಾಡಾದ ನಮ್ಮಲ್ಲಿ ಮೂರು ಹೆಸರಾದರೂ ರಾಗಿಮುದ್ದೆಗೆ ಬದನೆಕಾಯಿಯೊಡನೆ ಬೇಯುವ ಸಾರು ಒಂದೇ. ಗೊಂದಲವಾಗದಿರಲೆಂದು ಈ ಲೇಖನದಲ್ಲಿ ನಾವು ಒಣಮೀನು ಎಂಬ ಪದವನ್ನೇ ಬಳಸುತ್ತೇವೆ.

ಇದನ್ನು ಮುಟ್ಟದ ಮನೆಗಳೂ ನಮ್ಮ ಊರುಗಳಲ್ಲಿ ಬೇಕಾದಷ್ಟು ಉಂಟು. ಆ ಮನೆಯ ಮಕ್ಕಳು ಪುಟ ತಿರುವಿಬಿಡಬೇಕಾಗಿಲ್ಲ. ಹಪ್ಪಳ, ಸಂಡಿಗೆ, ಒಣಮೆಣಸಿನಕಾಯಿ, ಮಜ್ಜಿಗೆಮೆಣಸು, ಹುಣಸೆಹಣ್ಣು ಇವೆಲ್ಲ ಕೆಡುವುದೂ ಉಳಿಯುವುದೂ ಹೆಚ್ಚುಕಡಿಮೆ ಇದೇ ನಿಯಮಕ್ಕೆ ಒಳಪಟ್ಟು.

ಒಣಮೀನನ್ನು ಬಡವರ ಊಟವೆಂದು ಕೀಳಾಗಿ ಕಾಣುವವರಿದ್ದಾರೆ. ಶಾಲೆಗೆ ತಂದ ಬುತ್ತಿಯನ್ನು ಮುಚ್ಚಳದ ಮರೆಯಲ್ಲಿ ತಿನ್ನುವ ಮಕ್ಕಳನ್ನೂ ನಾವು ನೋಡಿದ್ದೇವೆ. ನಾಚಿಕೆಪಡಲು ಇಲ್ಲಿ ಏನೂ ಇಲ್ಲ. ಹಸಿ ಮೀನಿನಲ್ಲಿ ನೂರಕ್ಕೆ ಎಪ್ಪತ್ತರಿಂದ ಎಂಬತ್ತು ಪಾಲು ನೀರು. ಆ ನೀರು ಹೋದರೆ ಉಳಿಯುವುದು ಬಹುಪಾಲು ಮೈ ಬೆಳೆಸುವ ಪ್ರೋಟೀನು. ನೆತ್ತಿಲಿಯಂಥ ಸಣ್ಣ ಮೀನನ್ನು ಮುಳ್ಳುಸಹಿತ ತಿನ್ನುವುದರಿಂದ ಎಲುಬಿಗೆ ಬೇಕಾದ ಸುಣ್ಣದಂಶವೂ ದೊರೆಯುತ್ತದೆ. ಕೂಲಿಯಿಂದ ಬಾಳುವ ಮನೆಗೆ ಇದು ಸಣ್ಣ ಲಾಭವಲ್ಲ. ಸಂತೆಯಲ್ಲಿ ಅಗ್ಗವೆಂದು ಕೊಂಡ ಒಂದು ಕಿಲೋದಲ್ಲಿ ಕಾಲು ಭಾಗಕ್ಕೆ ಮಳೆಗಾಲದಲ್ಲಿ ಬೂಷ್ಟು ಹಿಡಿಯಿತೆಂದರೆ ಅಗ್ಗದ ಮಾತು ಅಲ್ಲಿಗೇ ಮುಗಿಯಿತು. ಅದಕ್ಕಿಂತ ಕೆಟ್ಟದ್ದೆಂದರೆ, ಎಸೆಯಲು ಮನಸ್ಸು ಬಾರದೆ ಅದನ್ನೇ ತೊಳೆದು, ಹುಳಿ ಖಾರ ಹೆಚ್ಚು ಹಾಕಿ, ಮಕ್ಕಳಿಗೆ ಬಡಿಸುವುದು. ಈ ಲೇಖನ ಬರೆಯಲು ನಮ್ಮನ್ನು ಹೊರಡಿಸಿದ್ದು ಮುಖ್ಯವಾಗಿ ಈ ಎರಡನೆಯ ಸಂಗತಿ.

ಮೊದಲು ಒಂದು ಸಣ್ಣ ಲೆಕ್ಕ. ಎಂಟನೆಯ ತರಗತಿಯ ವಿದ್ಯಾರ್ಥಿಗಳು ಕಾಗದ ಪೆನ್ಸಿಲು ತೆಗೆದುಕೊಳ್ಳಲಿ. ಒಂದು ಕಿಲೋ ಹಸಿ ಮೀನು ಇದೆ, ಅದರಲ್ಲಿ ಶೇಕಡಾ 75 ನೀರು ಎಂದು ಇಟ್ಟುಕೊಳ್ಳೋಣ. ಅಂದರೆ ನೀರು 750 ಗ್ರಾಂ, ಉಳಿದ ಘನಪದಾರ್ಥ 250 ಗ್ರಾಂ. ಉಪ್ಪು ಹಾಕದೆ ಒಣಗಿಸಿದ ಮೀನು ಕೆಡದೆ ಉಳಿಯಬೇಕಾದರೆ ಅದರ ನೀರಿನಂಶ ಸುಮಾರು ಶೇಕಡಾ 15ಕ್ಕೆ ಇಳಿಯಬೇಕು. ಆಗ ಮೀನಿನ ಒಟ್ಟು ತೂಕ ಸುಮಾರು 294 ಗ್ರಾಂ, ಅದರಲ್ಲಿ ನೀರು 44 ಗ್ರಾಂ ಮಾತ್ರ. ಈಗ ಜಡಿಮಳೆ ಹಿಡಿಯಿತು. ಸಡಿಲ ಮುಚ್ಚಳದ ಡಬ್ಬಿಯಲ್ಲಿದ್ದ ಆ ಮೀನು ಗಾಳಿಯಿಂದ ಬರೇ 40 ಗ್ರಾಂ ನೀರು ಕುಡಿಯಿತೆನ್ನಿ. ನಾಲ್ಕು ಚಮಚೆಯೂ ಆಗದ ನೀರು. ಆದರೆ ಈಗ 334 ಗ್ರಾಂ ತೂಕದಲ್ಲಿ ನೀರು 84 ಗ್ರಾಂ, ಅಂದರೆ ಸುಮಾರು ಕಾಲು ಪಾಲು! ಕಣ್ಣಿಗೆ ಮೀನು ಮೊದಲಿನಂತೆಯೇ ಕಾಣುತ್ತದೆ; ಬೂಷ್ಟಿಗೆ ಮಾತ್ರ ಅದು ಹದವಾದ ಹೊಲ. ಒಣಗಿಸಿದ ಪದಾರ್ಥ ಒಣಗಿದ್ದು ಒಣಗಿದಂತೆಯೇ ಇರುತ್ತದೆಂಬ ನಂಬಿಕೆ ಸರಿಯಲ್ಲ. ಸುತ್ತಲಿನ ಗಾಳಿ ಎಷ್ಟು ತೇವವಾಗಿದೆಯೋ ಅಷ್ಟಕ್ಕೆ ತಕ್ಕಂತೆ ಅದು ನೀರನ್ನು ಕೊಡುತ್ತಲೋ ಕೊಳ್ಳುತ್ತಲೋ ಇರುತ್ತದೆ.

ಹಾಗಾದರೆ ಉಪ್ಪು ಹಾಕಿದ ಮೀನು ಹೇಗೆ ಉಳಿಯುತ್ತದೆ? ಅದರಲ್ಲಿ ನೀರಿನಂಶ ಇನ್ನೂ ಹೆಚ್ಚಾಗಿಯೇ ಇರುತ್ತದಲ್ಲ ಎಂದು ಜಾಣ ಹುಡುಗರು ಕೇಳಬಹುದು. ನೀರು ಇರುತ್ತದೆ, ಆದರೆ ಉಪ್ಪು ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಮೀನನ್ನು ಕೊಳೆಸುವ ಸಾಮಾನ್ಯ ಬ್ಯಾಕ್ಟೀರಿಯಗಳಿಗೆ ಆ ನೀರು ದಕ್ಕುವುದಿಲ್ಲ; ಉಪ್ಪು ಅವುಗಳ ಮೈಯೊಳಗಿನ ನೀರನ್ನೂ ಹೊರಕ್ಕೆ ಎಳೆದುಬಿಡುತ್ತದೆ. ಆಲೂಗಡ್ಡೆಯ ಬಿಲ್ಲೆಯ ಮೇಲೆ ಉಪ್ಪು ಉದುರಿಸಿ ಸ್ವಲ್ಪ ಹೊತ್ತು ಬಿಟ್ಟರೆ ನೀರು ಒಸರುವುದನ್ನು ವಿಜ್ಞಾನದ ತರಗತಿಯಲ್ಲಿ ನೀವೆಲ್ಲ ನೋಡಿದ್ದೀರಿ. ಇಲ್ಲಿ ನಡೆಯುವುದೂ ಅದೇ.

ಆದರೆ ಉಪ್ಪಿಗೆ ಎರಡು ಮುಖ. ಗಾಳಿಯ ಆರ್ದ್ರತೆ ಶೇಕಡಾ 75ಕ್ಕಿಂತ ಕೆಳಗಿರುವವರೆಗೆ ಅದು ಮೀನಿನ ಮಿತ್ರ. ಆ ಗಡಿ ದಾಟಿತೆಂದರೆ ಅದೇ ಉಪ್ಪು ಗಾಳಿಯಿಂದ ನೀರನ್ನು ಎಳೆದುಕೊಳ್ಳತೊಡಗುತ್ತದೆ. ಆಶ್ವೀಜ ಕಾರ್ತಿಕದ ಮಳೆಯಲ್ಲಿ ಅಡಿಗೆಮನೆಯ ಉಪ್ಪಿನ ಮರಿಗೆಯಲ್ಲಿ ನೀರು ನಿಲ್ಲುವುದು ಇದರಿಂದಲೇ. ಮೀನಿಗೆ ಹಾಕುವುದು ಸಾಮಾನ್ಯವಾಗಿ ಮರಕ್ಕಾಣ, ತೂತ್ತುಕುಡಿಗಳಂಥ ಕಡೆ ಬಿಸಿಲಿನಲ್ಲಿ ತಯಾರಾಗುವ ಕಲ್ಲುಪ್ಪು. ಅದರಲ್ಲಿ ಸೋಡಿಯಂ ಕ್ಲೋರೈಡಿನ ಜೊತೆಗೆ ಮೆಗ್ನೀಸಿಯಂ ಕ್ಲೋರೈಡು ಮೊದಲಾದ ಲವಣಗಳು ಸ್ವಲ್ಪ ಬೆರೆತಿರುತ್ತವೆ. ಇವು ಇನ್ನೂ ಬೇಗ ತೇವ ಎಳೆಯುತ್ತವೆ. ಕಲ್ಲುಪ್ಪು ಒಂದು ತಟ್ಟೆಯಲ್ಲಿ, ಅಂಗಡಿಯ ಪುಡಿಉಪ್ಪು ಇನ್ನೊಂದು ತಟ್ಟೆಯಲ್ಲಿ, ಎರಡನ್ನೂ ಸಮನಾಗಿ ತೂಗಿ ಮಳೆಯ ವಾರದಲ್ಲಿ ಕಿಟಕಿಯ ಬಳಿ ಇಟ್ಟು ದಿನಕ್ಕೊಮ್ಮೆ ತೂಗಿ ನೋಡಿರಿ. ಖರ್ಚಿಲ್ಲದ ಪ್ರಯೋಗ. ನೀವೇ ಬರೆದಿಟ್ಟ ಅಂಕಿಗಳು ನಮ್ಮ ಮಾತಿಗಿಂತ ಗಟ್ಟಿಯಾದ ಸಾಕ್ಷಿ.

ಒಣಮೀನು ಕೆಡುವ ಬಗೆಗಳು ಹಲವು. ಅವುಗಳನ್ನು ಕಣ್ಣಿನಿಂದ, ಮೂಗಿನಿಂದ ಗುರುತಿಸಬಹುದು. ಉಪ್ಪು ಮೀನಿನ ಮೇಲೆ ಕೆಲವೊಮ್ಮೆ ಗುಲಾಬಿ ಬಣ್ಣದ ಲೇಪ ಕಾಣಿಸುತ್ತದೆ. ಬಣ್ಣದ ಪುಡಿ ಬಿದ್ದಿರಬೇಕೆಂದು ಕೆಲವರು ಭಾವಿಸುವುದುಂಟು. ಅದು ಉಪ್ಪನ್ನೇ ಬಯಸುವ ಒಂದು ಜಾತಿಯ ಸೂಕ್ಷ್ಮಜೀವಿಗಳ ಕೆಲಸ. ಉಳಿದ ಜೀವಿಗಳು ಸಾಯುವಷ್ಟು ಉಪ್ಪಿನಲ್ಲಿ ಇವು ಬೆಳೆಯುತ್ತವೆ. ಸಿಹಿನೀರಿಗೆ ಹಾಕಿದರೆ ಒಡೆದುಹೋಗುತ್ತವೆ. ಸಮುದ್ರದ ಉಪ್ಪಿನ ಜೊತೆಯಲ್ಲಿಯೇ ಬಂದು, ಬೆಚ್ಚನೆಯ ತೇವ ಸಿಕ್ಕಿದೊಡನೆ ಹೆಚ್ಚುತ್ತವೆ. ಈ ಜೀವಿಗಳಿಂದ ನೇರವಾಗಿ ವಿಷವೇರುವುದೆಂದು ಹೇಳಲಾಗದು; ಆದರೆ ಗುಲಾಬಿ ಕಂಡಿತೆಂದರೆ ಮೀನಿಗೆ ತೇವ ತಗುಲಿ ಬಹಳ ದಿನವಾಯಿತೆಂದೇ ಅರ್ಥ, ಆ ತೇವದಲ್ಲಿ ಬೇರೇನು ಬೆಳೆದಿದೆಯೋ ಕಣ್ಣಿಗೆ ಕಾಣದು. ಲೋಳೆಯೂ ಸೇರಿದ್ದರೆ ಯೋಚಿಸುವುದೇ ಬೇಡ, ಹೂಳಿಬಿಡಬೇಕು. ಲೋಳೆ ಇಲ್ಲದಿದ್ದರೂ ಮಕ್ಕಳಿರುವ ಮನೆಯಲ್ಲಿ ಅದನ್ನು ಉಳಿಸಿಕೊಳ್ಳದಿರುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಕರಿಮೆಣಸಿನ ಪುಡಿ ಉದುರಿಸಿದಂತೆ ಕಂದು ಚುಕ್ಕೆಗಳು ಕಂಡರೆ ಅದು ಒಂದು ಬಗೆಯ ಬೂಷ್ಟು. ಹಸಿರು, ಕಪ್ಪು, ಹಳದಿ ಬೂಷ್ಟುಗಳು ಉಪ್ಪು ಕಡಿಮೆಯಾದ ಮೀನಿಗೆ ಹಿಡಿಯುತ್ತವೆ. ನೆಲಗಡಲೆ ಬೆಳೆಯುವ ನಮ್ಮ ರೈತರಿಗೆ ಅಫ್ಲಾಟಾಕ್ಸಿನ್ ಎಂಬ ಹೆಸರು ಹೊಸದಾಗಿರಲಾರದು. ತೇವದ ಕಡಲೆಕಾಯಿಯ ಮೇಲೆ ಬೆಳೆಯುವ ಬೂಷ್ಟು ಬಿಡುವ ವಿಷ ಅದು, ಯಕೃತ್ತಿಗೆ ಕೇಡು. ಅದೇ ಕುಲದ ಬೂಷ್ಟುಗಳು ತೇವದ ಮೀನಿನ ಮೇಲೂ ಬೆಳೆಯಬಲ್ಲವು. ಬಿಸಿಲಿಗೆ ಹಾಕಿ ಉಜ್ಜಿದರೆ ಬೂಷ್ಟು ಹೋಗುತ್ತದೆ, ವಿಷ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ.

ಇನ್ನು ಕಮಟು. ಮತ್ತಿ (ಮಂಗಳೂರಿನ ಕಡೆ ಬೂತಾಯಿ ಎನ್ನುವುದು ಇದನ್ನೇ), ಬಂಗುಡೆ ಇವು ಕೊಬ್ಬಿನ ಮೀನುಗಳು. ಅವುಗಳ ಎಣ್ಣೆ ಗಾಳಿಯೊಡನೆ ಸೇರಿ ಹಳೆಯ ಕೊಬ್ಬರಿಯಂತೆ ಕಮಟಾಗುತ್ತದೆ, ಮೈ ಹಳದಿ ಕಂದಾಗುತ್ತದೆ. ಇದಕ್ಕೆ ತೇವ ಬೇಕಿಲ್ಲ. ಗಾಳಿ, ಬೆಳಕು, ಸೆಕೆ ಸಾಕು. ಆದ್ದರಿಂದ ಎಷ್ಟೇ ಚೆನ್ನಾಗಿ ಒಣಗಿಸಿದರೂ ಈ ಜಾತಿಯವನ್ನು ಒಂದೆರಡು ತಿಂಗಳಿಗಿಂತ ಹೆಚ್ಚು ಇಡಬಾರದು. ನೆತ್ತಿಲಿ, ಪಟ್ಟಿಯಂತೆ ಉದ್ದನೆಯ ವಾಳೆ, ಸೊರ ಇವುಗಳಲ್ಲಿ ಕೊಬ್ಬು ಕಡಿಮೆ. ಉಪ್ಪು ಹಿಡಿದು ಚೆನ್ನಾಗಿ ಒಣಗಿದ್ದರೆ ಮೂರು ತಿಂಗಳಿನಿಂದ ಆರು ತಿಂಗಳವರೆಗೂ ಬರುತ್ತವೆ. ಬಂಗುಡೆ, ಮತ್ತಿಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಒಣಗಿಸುವ ಮೊದಲೇ ಅವು ಬಿಸಿಲಲ್ಲಿ ಬಿದ್ದು ಹಳಸಿದ್ದರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ಪದಾರ್ಥ ಹುಟ್ಟಿಕೊಂಡಿರುತ್ತದೆ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ಇದನ್ನೂ ಬೆಂಕಿ ನಾಶ ಮಾಡದು. ಹಾಗೆ ಆದರೆ ದೃಷ್ಟಿ ತಾಗಿತೆಂದು ಕೂಡದೆ ವೈದ್ಯರಲ್ಲಿಗೆ ಹೋಗಬೇಕು.

ಹುಳುವಿನ ಮಾತು ಎಲ್ಲರಿಗೂ ಗೊತ್ತು. ಕಪ್ಪನೆಯ ಸಣ್ಣ ಜೀರುಂಡೆ, ರೋಮವಿರುವ ಅದರ ಮರಿಹುಳ, ಡಬ್ಬಿಯ ತಳದಲ್ಲಿ ಹಿಟ್ಟಿನಂಥ ಪುಡಿ. ಉಪ್ಪು ಚೆನ್ನಾಗಿ ಹಿಡಿದ ಮೀನಿಗೆ ಈ ಜೀರುಂಡೆಗಳು ಅಷ್ಟಾಗಿ ಬರುವುದಿಲ್ಲ. ಉಪ್ಪಿಲ್ಲದ ಸಣ್ಣ ಮೀನನ್ನು ಮಾತ್ರ ಮುಳ್ಳಷ್ಟೇ ಉಳಿಯುವಂತೆ ತಿಂದುಹಾಕುತ್ತವೆ.

ಹಿಂದಿನವರು ಇದೆಲ್ಲ ಹೆಸರುಗಳನ್ನು ಅರಿಯದೆಯೇ ಮೀನನ್ನು ಕಾಪಾಡಿಕೊಂಡು ಬಂದರಲ್ಲ, ಅದು ಹೇಗೆ? ಈ ಪ್ರಶ್ನೆಯನ್ನು ಮನೆಯ ಹಿರಿಯರು ಕೇಳಿಯೇ ಕೇಳುತ್ತಾರೆ, ಕೇಳುವುದೂ ನ್ಯಾಯ. ಅಜ್ಜಿಯರು ಒಣಮೀನನ್ನು ಒಲೆಯ ಮೇಲ್ಗಡೆ ನೆಲುವಿನಲ್ಲಿ ತೂಗುಹಾಕುತ್ತಿದ್ದರು, ಇಲ್ಲವೆ ಅಟ್ಟದ ಮೇಲೆ ಮಡಕೆಯಲ್ಲಿಡುತ್ತಿದ್ದರು. ಕೆಳಗೆ ಸೌದೆಯ ಒಲೆ; ಉರಿ ಆರಿದ ಮೇಲೂ ಕೆಂಡದ ಕಾವು ಗಂಟೆಗಟ್ಟಲೆ ಇರುತ್ತಿತ್ತು. ಗಾಳಿಯನ್ನು ಬಿಸಿ ಮಾಡಿದರೆ ಅದರ ಆರ್ದ್ರತೆ ಇಳಿಯುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇಕಡಾ 90 ಆರ್ದ್ರತೆಯಿರುವ ಮಳೆಗಾಲದ ಗಾಳಿ 35 ಡಿಗ್ರಿಗೆ ಏರಿದರೆ ಆರ್ದ್ರತೆ ಸುಮಾರು 50ಕ್ಕೆ ಬರುತ್ತದೆ. ಅಂದರೆ ಉಪ್ಪಿನ ಆ 75ರ ಗಡಿಗಿಂತ ಬಹಳ ಕೆಳಗೆ. ಅಡಿಗೆಯ ಆವಿಯೆಲ್ಲ ನಾಡಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಹೊಗೆಗೆ ಹುಳು ಹತ್ತಿರ ಸುಳಿಯುತ್ತಿರಲಿಲ್ಲ. ಕರಾವಳಿಯ ಮನೆಗಳಲ್ಲಿಯೂ ಮಳೆಗಾಲಕ್ಕೆಂದು ಕೊಂಡಿಟ್ಟ ಒಣಮೀನು ಹೀಗೆಯೇ ಒಲೆಯ ಅಟ್ಟವನ್ನೇರುತ್ತಿತ್ತು.

ಈಗ ಒಲೆ ಬದಲಾಗಿದೆ. ಅನಿಲದ ಒಲೆ ಬಂದು ನಮ್ಮ ತಾಯಂದಿರ ಕಣ್ಣು ಶ್ವಾಸಕೋಶಗಳು ಹೊಗೆಯಿಂದ ಪಾರಾದವು. ಇದಕ್ಕಾಗಿ ಸಂತೋಷವೇ ಹೊರತು ವ್ಯಸನವಿಲ್ಲ. ಆದರೆ ಗುಂಡಿ ತಿರುಗಿಸಿದೊಡನೆ ಕಾವು ಹೋಯಿತು. ಮೇಲೆ ಕಾಂಕ್ರೀಟಿನ ಸೂರು, ಆವಿಗೆ ಹೊರಹೋಗಲು ಸಂದಿಯಿಲ್ಲ. (ರಸಾಯನಶಾಸ್ತ್ರ ಓದುವವರು ಸಮೀಕರಣ ಬರೆದು ನೋಡಲಿ: ಒಂದು ಕಿಲೋ ಅಡಿಗೆ ಅನಿಲ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರಿನ ಆವಿ ಹುಟ್ಟುತ್ತದೆ. ಸೌದೆಯಿಂದಲೂ ಆವಿ ಹುಟ್ಟುತ್ತಿತ್ತು, ಆದರೆ ಅದಕ್ಕೆ ದಾರಿಯಿತ್ತು.) ಅಜ್ಜಿಯ ಕ್ರಮವನ್ನು ಹಾಗೆಯೇ ಅನುಸರಿಸಿ ಈಗಿನ ಅಡಿಗೆಮನೆಯ ಒಲೆಯ ಮೇಲಿನ ಹಲಗೆಯಲ್ಲಿ ಬಾಯಿ ತೆರೆದ ಮಡಕೆಯಿಟ್ಟರೆ ಮೀನು ದಿನವೂ ಅನ್ನದ ಆವಿ ಕುಡಿಯುತ್ತದೆ. ಕ್ರಮ ತಪ್ಪಲ್ಲ; ಅದಕ್ಕೆ ತಕ್ಕ ಒಲೆ ಈಗ ಇಲ್ಲ. ಆದಕಾರಣ ಮೀನಿಗೆ ಕಾವು ಕೊಟ್ಟು ಕಾಪಾಡುವುದನ್ನು ಬಿಟ್ಟು, ಗಾಳಿಯೇ ತಾಗದಂತೆ ಮುಚ್ಚಿ ಕಾಪಾಡುವುದನ್ನು ನಾವು ರೂಢಿಸಿಕೊಳ್ಳಬೇಕಾಗಿದೆ.

ಕೊಳ್ಳುವಾಗಲೇ ಅರ್ಧ ಕೆಲಸ ಮುಗಿಯುತ್ತದೆ. ವರ್ಷಕ್ಕೆ ಬೇಕಾದದ್ದನ್ನು ಒಮ್ಮೆಗೇ ಕೊಳ್ಳುವ ಆಸೆ ಬೇಡ. ಚೆನ್ನಾಗಿ ಒಣಗಿದ ಮೀನು ದೊರೆಯುವುದು ಬೇಸಿಗೆಯಲ್ಲಿ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನಿನ ಸಂತತಿ ಬೆಳೆಯಲೆಂದು ಮಾಡಿದ ನಿಯಮ. ಅದಕ್ಕೆ ಮುಂಚಿನ ಬಿಸಿಲಿನಲ್ಲಿ ಒಣಗಿದ ಮೀನು ಮೇಲಾದದ್ದು. ಮಳೆ ಹಿಡಿದ ಮೇಲೆ ಒಣಗಿಸಿದ್ದು ಹೊರಗೆ ಗಟ್ಟಿ, ಒಳಗೆ ಮೆತ್ತಗೆ. ಸಂತೆಯಲ್ಲಿ ಮೀನನ್ನು ಕೈಗೆ ತೆಗೆದುಕೊಂಡು ಬೆನ್ನಿನ ದಪ್ಪ ಭಾಗವನ್ನು ಹೆಬ್ಬೆರಳಿನಿಂದ ಒತ್ತಬೇಕು. ಗುಳಿ ಬಿದ್ದು ಹಾಗೆಯೇ ನಿಂತರೆ ಒಣಗಿಲ್ಲ. ಸಣ್ಣ ನೆತ್ತಿಲಿ ಬಗ್ಗಿಸಿದರೆ ಚಟಕ್ಕನೆ ಮುರಿಯಬೇಕು. ಹೊಟ್ಟೆಯ ಒಳಗನ್ನು ಬಿಡಿಸಿ ನೋಡಬೇಕು, ಬೂಷ್ಟು ಮೊದಲು ಹಿಡಿಯುವುದು ಅಲ್ಲಿ. ವಾಸನೆ ಒಣಮೀನಿಗೆ ಇದ್ದೇ ಇರುತ್ತದೆ. ಮೂಗಿಗೆ ಚುಚ್ಚುವ ನವಸಾಗರದಂಥ ವಾಸನೆಯೂ ಮುಗ್ಗಲು ವಾಸನೆಯೂ ಇರಬಾರದು. ಮೈಯೆಲ್ಲ ಮರಳಾಗಿದ್ದರೆ ನೆಲದ ಮೇಲೆ ಒಣಗಿಸಿದ್ದೆಂದು ತಿಳಿಯಿರಿ. ಕೊಚ್ಚಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಮೀನು ಒಣಗಿಸಲೆಂದೇ ಸೌರ ಯಂತ್ರಗಳನ್ನು ರೂಪಿಸಿದ್ದಾರೆ. ಆದರೂ ಕರಾವಳಿಯಲ್ಲಿ ಮೀನು ಸೀಳಿ, ಉಪ್ಪು ಹಾಕಿ, ಬಿಸಿಲಿನಲ್ಲಿ ಮಗುಚಿಹಾಕುವ ಕೆಲಸವನ್ನು ಹೆಚ್ಚಾಗಿ ಹೆಂಗಸರು ತಮ್ಮ ಎರಡು ಕೈಗಳಿಂದಲೇ ಮಾಡುತ್ತಾರೆ. ನಾವು ಚೌಕಾಸಿ ಮಾಡುವಾಗ ಇದನ್ನೂ ನೆನೆದರೆ ನಷ್ಟವಿಲ್ಲ.

ಮನೆಗೆ ತಂದ ಮೀನನ್ನು ತೊಳೆಯಬಾರದು. ಬಟ್ಟೆಯಿಂದ ಒರಸಿ, ಮುರುಕು ಪುಡಿಗಳನ್ನು ಜಾಲಿಸಿ ತೆಗೆದು, ಒಂದೆರಡು ದಿನ ಬಿಸಿಲಿಗೆ ಹಾಕಬೇಕು. ನೆಲದ ಮೇಲೆ ಬೇಡ. ಹಗ್ಗದ ಮಂಚದ ಮೇಲೆ ಬಲೆಯೋ ತೆಳು ಬಟ್ಟೆಯೋ ಹಾಸಿ ಹರಡಿದರೆ ಅಡಿಯಿಂದಲೂ ಗಾಳಿಯಾಡುತ್ತದೆ. ಮೇಲೊಂದು ತೆಳು ಬಟ್ಟೆ ಹೊದಿಸಿದರೆ ನೊಣ ಮೊಟ್ಟೆಯಿಡಲಾರದು, ಕಾಗೆ ಬೆಕ್ಕುಗಳ ಕಾಟವೂ ಕಡಿಮೆ. ನಮ್ಮದು ಬೆಟ್ಟದ ಸೀಮೆ, ಬೆಳಗಿನ ಇಬ್ಬನಿ ಹೆಚ್ಚು. ಬಿಸಿಲೇರಿ ಹತ್ತು ಗಂಟೆಯಾದ ಮೇಲೆ ಹರಡಿ ಸಂಜೆ ನಾಲ್ಕಕ್ಕೆಲ್ಲ ಒಳಕ್ಕೆ ತರಬೇಕು. ರಾತ್ರಿ ಹೊರಗೆ ಬಿಟ್ಟರೆ ಹಗಲಿನ ದುಡಿಮೆ ವ್ಯರ್ಥ.

ಇಲ್ಲೊಂದು ಮುಖ್ಯ ಸಂಗತಿ. ಬಿಸಿಲಿನಿಂದ ತಂದ ಬಿಸಿ ಮೀನನ್ನು ಹಾಗೆಯೇ ಡಬ್ಬಿಗೆ ತುಂಬಿ ಮುಚ್ಚಬಾರದು. ರಾತ್ರಿ ಡಬ್ಬಿ ತಣ್ಣಗಾದಾಗ ಒಳಗಿನ ಆವಿ ಮುಚ್ಚಳದ ಅಡಿಯಲ್ಲಿ ಹನಿಯಾಗಿ ಮೀನಿನ ಮೇಲೇ ತೊಟ್ಟಿಕ್ಕುತ್ತದೆ. ಮನೆಯೊಳಗೆ ಅಗಲವಾದ ತಟ್ಟೆಯಲ್ಲಿ ಆರಲು ಬಿಟ್ಟು, ಕೈಗೆ ಬಿಸಿ ಹತ್ತದಂತಾದೊಡನೆ ತುಂಬಬೇಕು. ರಾತ್ರಿಯಿಡೀ ತೆರೆದಿಡುವುದೂ ಬೇಡ.

ಪಾತ್ರೆಗೆ ಗಾಜಿನ ಭರಣಿ, ಪಿಂಗಾಣಿ ಜಾಡಿ, ಬಿಗಿ ಮುಚ್ಚಳದ ದಪ್ಪ ಪ್ಲಾಸ್ಟಿಕ್ ಡಬ್ಬಿ ಇವು ಒಳ್ಳೆಯವು. ಮಣ್ಣಿನ ಮಡಕೆ ಉಸಿರಾಡುತ್ತದೆ. ಬೇಸಿಗೆಗೆ ಸರಿ, ಮಳೆಗಾಲಕ್ಕೆ ಸಲ್ಲದು. ತಗಡಿನ ಡಬ್ಬಿ ಉಪ್ಪಿಗೆ ತುಕ್ಕು ಹಿಡಿಯುತ್ತದೆ. ತೆಳು ಪ್ಲಾಸ್ಟಿಕ್ ಚೀಲವನ್ನು ಮೀನಿನ ಮುಳ್ಳೇ ಚುಚ್ಚಿ ತೂತು ಮಾಡುತ್ತದೆ. ವೃತ್ತಪತ್ರಿಕೆಯಲ್ಲಿ ಸುತ್ತುವ ರೂಢಿಯನ್ನಂತೂ ಬಿಡಲೇಬೇಕು. ಅಚ್ಚಿನ ಮಸಿ ಆಹಾರಕ್ಕೆ ಸೇರುವುದೆಂದು ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರವು 2016ರಲ್ಲಿಯೇ ಎಚ್ಚರಿಸಿದೆ. ಮುಚ್ಚಳ ಬಿಗಿಯಾಗಿದೆಯೇ ಎಂದು ತಿಳಿಯಲು ನಮ್ಮ ಮನೆಗಳಲ್ಲಿಯೇ ಒಂದು ಮಾಪಕವಿದೆ, ಅದೇ ಹಪ್ಪಳ. ಒಣಗಿದ ಖಾಲಿ ಡಬ್ಬಿಯಲ್ಲಿ ಸುಟ್ಟ ಹಪ್ಪಳದ ಚೂರೊಂದನ್ನು ಹಾಕಿ ಮುಚ್ಚಿ, ಮಳೆಯ ದಿನದಲ್ಲಿ ಎರಡು ದಿನ ಬಿಡಿರಿ. ತೆಗೆದಾಗ ಗರಿಗರಿಯಾಗಿದ್ದರೆ ಡಬ್ಬಿ ಮೀನಿಗೆ ಯೋಗ್ಯ. ಮೆತ್ತಗಾಗಿದ್ದರೆ ಆ ಡಬ್ಬಿಗೆ ಬೇರೇನಾದರೂ ತುಂಬಿಕೊಳ್ಳಿ.

ಒಂದೇ ದೊಡ್ಡ ಡಬ್ಬಿಗಿಂತ ನಾಲ್ಕು ಸಣ್ಣವು ಮೇಲು. ವಾರಕ್ಕೆರಡು ಸಲ ದೊಡ್ಡ ಡಬ್ಬಿ ತೆರೆದರೆ ಪ್ರತಿ ಸಲವೂ ಹೊಸ ತೇವದ ಗಾಳಿ ಎಲ್ಲ ಮೀನಿಗೂ ತಗಲುತ್ತದೆ. ಕತ್ತಿನವರೆಗೆ ತುಂಬಿದ ಡಬ್ಬಿಯಲ್ಲಿ ಗಾಳಿಗೆ ಜಾಗ ಕಡಿಮೆ, ಆದ್ದರಿಂದ ಕಮಟೂ ತಡವಾಗುತ್ತದೆ. ಡಬ್ಬಿಯ ಮೇಲೆ ಮೀನಿನ ಹೆಸರು, ತುಂಬಿದ ತಾರೀಖು ಬರೆದು ಅಂಟಿಸುವ ಕೆಲಸವನ್ನು ಮಕ್ಕಳಿಗೆ ವಹಿಸಿರಿ. ಬೆಳಕು ಬೀಳದ ತಂಪಾದ ಕಪಾಟಿನಲ್ಲಿ, ಒಲೆಗೂ ನೀರಿನ ತೊಟ್ಟಿಗೂ ದೂರವಾಗಿ ಇಡಬೇಕು. ಒಣಮೆಣಸಿನಕಾಯಿ, ಬೇವಿನೆಲೆ ಹಾಕುವ ಪದ್ಧತಿ ಒಳ್ಳೆಯದೇ, ಆದರೆ ಎಲೆ ಪೂರ್ತಿ ಒಣಗಿರಬೇಕು. ಹಸಿ ಎಲೆ ಹಾಕಿದರೆ ನಾವೇ ತೇವ ಹಾಕಿದಂತಾಯಿತು. ಇವು ಹುಳುವನ್ನು ದೂರವಿಡಬಹುದೇ ಹೊರತು ಒಳಗಿರುವ ಮೊಟ್ಟೆಯನ್ನು ಕೊಲ್ಲಲಾರವು. ತಿಂಗಳಿಗೊಮ್ಮೆ, ಬಿಸಿಲು ಚೆನ್ನಾಗಿರುವ ದಿನ ನೋಡಿ, ಮತ್ತೆ ಬಿಸಿಲು ಕಾಣಿಸಬೇಕು.

ಶೀತಪೆಟ್ಟಿಗೆ ಇರುವ ಮನೆಯವರಿಗೆ ಕೆಲಸ ಸುಲಭ. ಸಣ್ಣ ಸಣ್ಣ ಪಾಲು ಮಾಡಿ, ಗಾಳಿ ಹೊರದೂಡಿ, ಎರಡು ಪದರದ ದಪ್ಪ ಚೀಲದಲ್ಲಿ ಕಟ್ಟಿ ಡಬ್ಬಿಯೊಳಗಿಟ್ಟರೆ ಹಾಲಿಗೆ ವಾಸನೆ ಹತ್ತದು. ಮಂಜುಗಟ್ಟುವ ಖಾನೆಯಲ್ಲಿ, ಅಂದರೆ ಸೊನ್ನೆಗಿಂತ 18 ಡಿಗ್ರಿ ಕೆಳಗೆ, ಎರಡು ವಾರವಿಟ್ಟರೆ ಹುಳುವೂ ಮೊಟ್ಟೆಯೂ ಸಾಯುತ್ತವೆ. ಅಲ್ಲಿ ಮೀನು ತಿಂಗಳುಗಟ್ಟಲೆ ಉಳಿಯುತ್ತದೆ. ಹೊರತೆಗೆದ ಪಾಲನ್ನು ತಣ್ಣಗಿರುವಾಗಲೇ ಬಿಚ್ಚಿದರೆ ಮೈಮೇಲೆ ನೀರು ಕೂಡುತ್ತದೆ. ಕಟ್ಟಿದಂತೆಯೇ ಸ್ವಲ್ಪ ಹೊತ್ತು ಹೊರಗಿಟ್ಟು ಬಳಿಕ ಬಿಚ್ಚಬೇಕು, ಬಿಚ್ಚಿದ್ದನ್ನು ಆ ದಿನವೇ ಮುಗಿಸಬೇಕು. ತಂಪು ದೇಶಗಳಿಗೆ ಈ ಪೆಟ್ಟಿಗೆಯೇ ಬೇಡ. ನಾರ್ವೆಯ ಲೋಫೋಟೆನ್ ದ್ವೀಪಗಳಲ್ಲಿ ಫೆಬ್ರವರಿಯಿಂದ ಮೇವರೆಗೆ ಕಾಡ್ ಮೀನನ್ನು ಮರದ ಚೌಕಟ್ಟುಗಳ ಮೇಲೆ ಒಂದು ಹರಳು ಉಪ್ಪೂ ಇಲ್ಲದೆ ಚಳಿಗಾಳಿಯಲ್ಲಿಯೇ ಒಣಗಿಸುತ್ತಾರೆ. ಅದು ವರ್ಷಗಟ್ಟಲೆ ಕೆಡದು. ನಮ್ಮ ಸೆಕೆಯ ಸಮುದ್ರದಲ್ಲಿ ಅದಕ್ಕೆ ಸಮನಾದದ್ದೆಂದರೆ ಮಾಸಿ. ಮಾಲ್ಡೀವ್ಸ್, ಲಕ್ಷದ್ವೀಪಗಳಲ್ಲಿ ಸೂರೆ ಮೀನನ್ನು ಬೇಯಿಸಿ, ಹೊಗೆಯಾಡಿಸಿ, ಮರದ ತುಂಡಿನಂತಾಗುವವರೆಗೆ ಒಣಗಿಸುತ್ತಾರೆ; ಚೂರು ಮಾಡಬೇಕಾದರೆ ಕುಟ್ಟಬೇಕು.

ಒಣ ಸೀಗಡಿಯ ರೀತಿ ಸ್ವಲ್ಪ ಬೇರೆ. ಅದಕ್ಕೆ ಸಾಮಾನ್ಯವಾಗಿ ಉಪ್ಪು ಕಡಿಮೆ, ಆದ್ದರಿಂದ ತೇವಕ್ಕೂ ಹುಳುವಿಗೂ ಬೇಗ ಸಿಕ್ಕುತ್ತದೆ. ಅದರ ಕೆಂಬಣ್ಣ ಬೆಳಕಿಗೆ ಮಾಸುತ್ತದೆ. ಮಾಸಿದ್ದರೆ ಹಳೆಯದೆಂದು ಊಹಿಸಬಹುದು. ಉಗುರುಗೆಂಪಿನಂತೆ ಕಣ್ಣು ಕೋರೈಸುವ ಬಣ್ಣವಿದ್ದರೆ ಅದನ್ನೂ ನಂಬಬೇಡಿ, ಬಣ್ಣ ಕಲಸಿರಬಹುದು. ತಲೆ, ಕಾಲು, ಮೀಸೆಗಳನ್ನು ಉಜ್ಜಿ ತೆಗೆದು, ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಗರಿಯಾಗುವವರೆಗೆ ಹುರಿದು, ಆರಿಸಿ, ಸಣ್ಣ ಶೀಶೆಗಳಲ್ಲಿ ತುಂಬಿದರೆ ಒಂದು ತಿಂಗಳಿಗೆ ಚಿಂತೆಯಿಲ್ಲ. ಪುಡಿ ಮಾಡಿಟ್ಟುಕೊಳ್ಳುವವರು ಎರಡು ವಾರಕ್ಕಾಗುವಷ್ಟೇ ಮಾಡಿಕೊಳ್ಳಲಿ.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹುಳು ಬಾರದಿರಲೆಂದು ಬಟ್ಟೆಯ ಪೆಟ್ಟಿಗೆಗೆ ಹಾಕುವ ನುಸಿಗುಳಿಗೆ, ಇರುವೆಪುಡಿ, ಬೆಳೆಗೆ ಹೊಡೆಯುವ ಔಷಧಿ ಇವನ್ನು ಮೀನಿನ ಡಬ್ಬಿಯ ಹತ್ತಿರವೂ ತರಕೂಡದು. ಮೀನಿನ ಎಣ್ಣೆ ಇಂಥ ವಿಷವನ್ನು ಹೀರಿಕೊಳ್ಳುತ್ತದೆ, ತೊಳೆದರೆ ಹೋಗುವುದಿಲ್ಲ. ಬಾಂಗ್ಲಾದೇಶದಲ್ಲಿ ಮಾರಾಟದ ಒಣಮೀನನ್ನು ಪರೀಕ್ಷಿಸಿದವರು ಅದರಲ್ಲಿ ಡಿಡಿಟಿ ಇದ್ದುದನ್ನು ಕಂಡಿದ್ದಾರೆ. ಟೊಮೇಟೊ ತೋಟಗಳ ನಡುವೆ ಬಾಳುವ ನಮ್ಮ ಮನೆಗಳಲ್ಲಿ ಔಷಧಿಯ ಶೀಶೆ ಕೈಗೆಟುಕುವಲ್ಲಿಯೇ ಇರುತ್ತದಾದ್ದರಿಂದ ಈ ಎಚ್ಚರ ನಮಗೆ ಹೆಚ್ಚು ಬೇಕು. ಔಷಧಿ ಇದ್ದ ಡಬ್ಬಿಯನ್ನು ಎಷ್ಟು ತೊಳೆದರೂ ಮೀನಿಗೆ, ಮೀನಿಗೇ ಏಕೆ, ಯಾವ ತಿನಿಸಿಗೂ ಬಳಸಬಾರದು.

ಅಡಿಗೆಗೆ ಮೊದಲು ಉಪ್ಪು ಮೀನನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಮತ್ತೊಮ್ಮೆ ತೊಳೆದು ಹಾಕಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಉಪ್ಪೇ ಮಿತಿ. ಐದನೆಯ ಒಂದು ಪಾಲು ಉಪ್ಪಿರುವ ಮೀನಿನ 20 ಗ್ರಾಂ ತುಂಡಿನಲ್ಲಿಯೇ 4 ಗ್ರಾಂ ಉಪ್ಪು ಇದ್ದಂತಾಯಿತು. ಸಾರಿಗೆ ಬೇರೆ ಉಪ್ಪು ಹಾಕುವ ಮೊದಲು ಒಮ್ಮೆ ರುಚಿ ನೋಡಿರಿ. ರಕ್ತದ ಒತ್ತಡವಿರುವ ಅಜ್ಜ ಅಜ್ಜಿಯರಿಗೆ ಉಪ್ಪಿಲ್ಲದ ನೆತ್ತಿಲಿಯೇ ತಕ್ಕದ್ದು. ಇಲ್ಲವೆ ಕೃಷ್ಣಗಿರಿ ಅಣೆಕಟ್ಟಿನ ಹಸಿ ಮೀನು ಇದ್ದೇ ಇದೆ.

ಡಬ್ಬಿಯ ತಳದಲ್ಲಿ ಉಳಿದ ಪುಡಿ, ಸೀಗಡಿಯ ತಲೆ ಕಾಲುಗಳನ್ನು ಕೋಳಿಗೆ ಹಾಕುವ ಪದ್ಧತಿ ನಮ್ಮ ಕಡೆ ಉಂಟು. ಉಪ್ಪಿಲ್ಲದ್ದಾದರೆ, ಬೂಷ್ಟು ಹಿಡಿಯದ್ದಾದರೆ, ಧಾರಾಳವಾಗಿ ಹಾಕಬಹುದು. ಉಪ್ಪು ಮೀನಿನ ಪುಡಿಯನ್ನಾಗಲಿ ನೆನೆಸಿದ ನೀರನ್ನಾಗಲಿ ಕೋಳಿಗೆ ಕೊಡಬಾರದು. ಹೆಚ್ಚು ಉಪ್ಪನ್ನು ಕೋಳಿ ತಾಳಲಾರದು, ಮರಿಗಳಂತೂ ಸತ್ತೇ ಹೋಗುತ್ತವೆ. ಆ ನೀರನ್ನು ಕರಿಬೇವಿನ ಬುಡಕ್ಕೂ ಚೆಲ್ಲದೆ ಬಚ್ಚಲಿಗೆ ಸುರಿಯಿರಿ.